ಪೆಟ್ಟಿಗೆಯೊಳಗಿನ ಉಸಿರು

ಬಿರಡೆ ಅಕ್ಕನ ಅಂಗಡಿಗೆ ಹೋದವರು ಮೊದಲು ಕಲಿಯಬೇಕಾದದ್ದು ಬಾಯಿ ಮುಚ್ಚಿಕೊಂಡು ಕೂರುವುದನ್ನು. ಮೇಜಿನ ಮೇಲೆ ಪೆಟ್ಟಿಗೆ ಬಾಯಿ ತೆರೆದು ಕೂತಿದೆ ಎಂದರೆ ಮುಗಿಯಿತು, ಅದರ ಎದುರು ಮಾತಾಡುವಂತಿಲ್ಲ, ಕೆಮ್ಮುವಂತಿಲ್ಲ, ತನ್ನ ಕ್ಯಾಮೆರಾದ ಗತಿ ನೋಡಿ ನಿಟ್ಟುಸಿರು ಬಿಡುವುದಂತೂ ಕೂಡದು. ಮನುಷ್ಯನ ಉಸಿರು ಎಂದರೆ ಅರ್ಧ ನೀರೇ ಎಂಬುದು ಅವಳ ವಾದ. ಹೊರಗಿನ ನೀರನ್ನು ತಡೆಯಲು ಇಷ್ಟೆಲ್ಲ ಹೆಣಗಾಡಿ, ಕೊನೆಗೆ ನಾವೇ ಬಾಯಿಂದ ನೀರು ತುಂಬಿ ಮುಚ್ಚಳ ಹಾಕುವುದು ಎಂಥ ಬುದ್ಧಿ ಹೇಳಿ! ಮೊದಲೆಲ್ಲ ಇದನ್ನು ಬೈದು ಹೇಳಬೇಕಾಗುತ್ತಿತ್ತು. ಹೋದ ವರ್ಷದಿಂದ ಈಚೆಗೆ ಆ ಅಂಗಡಿಯಲ್ಲಿ ಎಲ್ಲರೂ ತಾವಾಗಿಯೇ ಬಾಯಿ ಮುಚ್ಚುತ್ತಾರೆ.

ಅವಳ ಕಸುಬು ಏನೆಂದು ಈಗಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಗೊಂದಲ ಬೇಡ. ನೀರಿನೊಳಗೆ ಚಿತ್ರ ತೆಗೆಯುವವರು ಕ್ಯಾಮೆರಾವನ್ನು ಹಾಗೇ ಮುಳುಗಿಸುವುದಿಲ್ಲ. ಗಟ್ಟಿ ಲೋಹದ ಪೆಟ್ಟಿಗೆಯೊಂದರಲ್ಲಿ ಅದನ್ನು ಕೂರಿಸಿ ಒಯ್ಯುತ್ತಾರೆ. ಪೆಟ್ಟಿಗೆಗೆ ಮುಂದೆ ದಪ್ಪ ಗಾಜು, ಮೇಲೆ ಒತ್ತುವ ಗುಂಡಿಗಳು, ಹಿಂದೆ ಮುಚ್ಚಳ. ಮುಚ್ಚಳಕ್ಕೂ ಪೆಟ್ಟಿಗೆಗೂ ನಡುವೆ ಒಂದು ಕಪ್ಪು ರಬ್ಬರ್ ಉಂಗುರ ಕೂರುತ್ತದೆ, ಜೀವವೆಲ್ಲ ಅದರಲ್ಲೇ. ಅದರ ಮೇಲೆ ಒಂದು ಕೂದಲೆಳೆ ಬಿದ್ದರೆ, ಒಂದು ಮರಳಿನ ಕಣ ಸಿಕ್ಕಿಕೊಂಡರೆ, ಟವೆಲಿನ ಒಂದು ನೂಲು ಅಂಟಿದರೆ, ಅಲ್ಲಿಗೆ ಕ್ಯಾಮೆರಾ ಗೋವಿಂದ. ನೀರು ಒಳಬರದಂತೆ ನೋಡಿಕೊಳ್ಳುವುದು, ಬಂದ ಮೇಲೆ ಸತ್ತ ಕ್ಯಾಮೆರಾಕ್ಕೆ ಜೀವ ಕೊಡುವುದು, ಅಕ್ಕನ ಕೆಲಸ ಇಷ್ಟೆ. ಬಿರಡೆ ಎಂಬ ಅಡ್ಡಹೆಸರು ಅದರಿಂದಲೇ ಬಂದದ್ದು. ಇಟ್ಟವನು ಅವಳ ಸ್ವಂತ ತಮ್ಮ.

ಅವಳು ಗಡಿಯಾರ ರಿಪೇರಿಯವನ ಮಗಳು. ಅಪ್ಪನ ಕಣ್ಣು ಮಂಜಾದ ಮೇಲೆ ಕೈಗಡಿಯಾರಗಳ ಹಿಂಬದಿಯ ಮುಚ್ಚಳಕ್ಕೆ ದಾರದಂಥ ರಬ್ಬರ್ ಬಳೆ ಕೂರಿಸುವ ಕೆಲಸ ಇವಳ ಪಾಲಿಗೆ ಬಂತು. ಆ ಕೈ ಮುಂದೆ ಕ್ಯಾಮೆರಾಗಳಿಗೆ ತಿರುಗಿತು, ಅಲ್ಲಿಂದ ಈ ಪೆಟ್ಟಿಗೆಗಳಿಗೆ. ಅಮ್ಮ ಬೇಗ ತೀರಿಕೊಂಡಿದ್ದರಿಂದ ತಮ್ಮನಿಗೆ ತುತ್ತು ಮಾಡಿ ತಿನ್ನಿಸಿದ್ದೂ ಅದೇ ಕೈ. ಅವಳ ಮದುವೆಯ ಮಾತೆತ್ತಿದವರಿಗೆಲ್ಲ ಮೊದಲು ಇವನೊಬ್ಬ ದಡ ಸೇರಲಿ ಎನ್ನುತ್ತಿದ್ದಳು. ಪುಣ್ಯಾತ್ಮ ದಡ ಸೇರುವುದು ಬಿಟ್ಟು ನೀರಿಗಿಳಿಯುವ ಉದ್ಯೋಗವನ್ನೇ ಹಿಡಿದ. ಸೇತುವೆಯ ಕಂಬ, ಅಣೆಕಟ್ಟಿನ ಗೋಡೆ, ಇಂಥವುಗಳಿಗೆ ನೀರಿನಡಿ ಎಲ್ಲಿ ಬಿರುಕು ಬಿಟ್ಟಿದೆ ಎಂದು ಚಿತ್ರ ತೆಗೆದು ತರುವ ಕೆಲಸ. ಅವನ ಪೆಟ್ಟಿಗೆಯನ್ನು ಅಕ್ಕನೇ ನೋಡಿಕೊಳ್ಳುತ್ತಿದ್ದಳು, ಬೇರೆಯವರ ಕೈಗೆ ಕೊಡುವ ಮಾತೇ ಇರಲಿಲ್ಲ.

ಅಕ್ಕ ಕೆಲಸ ಮಾಡುವುದನ್ನು ನೋಡಬೇಕು. ತಲೆಗೆ ಬಟ್ಟೆ ಬಿಗಿದು, ತೋಳಿನ ಸಡಿಲ ಬಟ್ಟೆಯನ್ನೆಲ್ಲ ಮೇಲಕ್ಕೆ ಸುತ್ತಿ, ಉಂಗುರವನ್ನು ಎರಡು ಬೆರಳಿನ ನಡುವೆ ಹಿಡಿದು ಕಣ್ಣು ಮುಚ್ಚಿಕೊಂಡು ಸುತ್ತಲೂ ಎಳೆಯುತ್ತಾಳೆ. ಕಣ್ಣಿಗೆ ಕಾಣದ ಸೀಳು ಬೆರಳಿಗೆ ಸಿಗುತ್ತದೆ. ಆಮೇಲೆ ಗ್ರೀಸು, ಅದೂ ಬರೀ ಹೊಳಪು ಬರುವಷ್ಟು. ಜನ ತಲೆಗೆ ಎಣ್ಣೆ ಬಳಿದ ಹಾಗೆ ಬಳಿದು ತರುತ್ತಾರೆ, ಅದಕ್ಕೆ ಕಸವೆಲ್ಲ ಬಂದು ಮೆತ್ತಿಕೊಳ್ಳುತ್ತದೆ, ಕೇಳಿದರೆ ಭದ್ರವಾಗಿರಲಿ ಅಂತ ಹಾಕಿದೆ ಎನ್ನುತ್ತಾರೆ. ಕೊನೆಗೆ ಖಾಲಿ ಪೆಟ್ಟಿಗೆಯೊಳಗೆ ಮಡಿಸಿದ ಟಿಶ್ಯೂ ಕಾಗದ ಇಟ್ಟು, ಮುಚ್ಚಿ, ಅಂಗಡಿಯ ಹಿಂದಿನ ತೊಟ್ಟಿಯಲ್ಲಿ ಮುಳುಗಿಸುವುದು. ಪೆಟ್ಟಿಗೆಯೊಳಗೆ ಗಾಳಿ ತುಂಬಿರುವುದರಿಂದ ಅದು ಬಿಂದಿಗೆಯ ಹಾಗೆ ತೇಲುತ್ತದೆ, ಮೇಲೊಂದು ಇಟ್ಟಿಗೆ ಹೇರಿಯೇ ಮುಳುಗಿಸಬೇಕು. ಕಾಗದದ ಯಾವ ಮೂಲೆ ಒದ್ದೆಯಾಯಿತೋ ಸೋರಿಕೆ ಆ ಕಡೆ ಇದೆ ಎಂದು ಅರ್ಥ.

ನೀರು ಕುಡಿದ ಕ್ಯಾಮೆರಾ ತರುವವರ ಕಥೆಗಳೋ ಬೇಡವೇ ಬೇಡ. ಒಬ್ಬ ಬಿಸಿಲಿಗಿಟ್ಟು ಬೇಯಿಸಿ ತಂದಿದ್ದ. ಇನ್ನೊಬ್ಬ ಕೂದಲು ಒಣಗಿಸುವ ಯಂತ್ರ ಹಿಡಿದು ಇದ್ದಬದ್ದ ಉಪ್ಪನ್ನೆಲ್ಲ ಒಳಕ್ಕೆ ಊದಿದ್ದ. ಮತ್ತೊಬ್ಬ ಮೂರು ದಿನ ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟಿದ್ದೆ ಎಂದಾಗ ಅಕ್ಕ, ಅನ್ನ ಆಯಿತೋ ಇನ್ನೂ ಬೇಯಬೇಕೋ ಎಂದು ಕೇಳಿದ್ದಳು. ಉಪ್ಪುನೀರಲ್ಲಿ ಮುಳುಗಿದ್ದನ್ನು ಮೊದಲು ಬ್ಯಾಟರಿ ಕಿತ್ತು ಸಿಹಿನೀರಲ್ಲೇ ಇನ್ನೊಮ್ಮೆ ಮುಳುಗಿಸಬೇಕು ಎಂದರೆ ಅರ್ಧ ಜನ ನಂಬುವುದಿಲ್ಲ, ಹುಚ್ಚಿ ಎಂದುಕೊಳ್ಳುತ್ತಾರೆ.

ತಮ್ಮನದು ಇವರೆಲ್ಲರಿಗಿಂತ ಬೇರೆ ರೋಗ. ಎಲ್ಲವನ್ನೂ ಸರಿಯಾಗಿ ಮಾಡುತ್ತಿದ್ದ, ಕೊನೆಯ ಗಳಿಗೆಯಲ್ಲಿ ಉಂಗುರದ ಮೇಲೆ ಏನೋ ದೂಳು ಕಂಡಿತೆಂದು ಬಗ್ಗಿ ಫೂ ಎಂದು ಊದಿ ಟಪ್ಪನೆ ಮುಚ್ಚಿಬಿಡುತ್ತಿದ್ದ. ದೂಳು ಹೊಡೆಯಲು ರಬ್ಬರ್ ಬುರುಡೆ ಕೊಡಿಸಿದ್ದಳು, ಅದನ್ನು ಜೇಬಿನಲ್ಲಿಟ್ಟುಕೊಂಡೇ ಬಾಯಿಂದ ಊದುತ್ತಿದ್ದ. ಊದಿದ ಉಸಿರಿನ ತೇವ ಒಳಗೇ ಉಳಿಯುತ್ತದೆ. ಪೆಟ್ಟಿಗೆ ತಣ್ಣನೆ ನೀರಿಗೆ ಇಳಿದಾಗ ಅದು ಗಾಜಿನ ಒಳಮೈಗೆ ಮಂಜಾಗಿ ಕೂರುತ್ತದೆ. ತೇವ ಹೀರುವ ಹರಳಿನ ಚೀಲ ಒಳಗೆ ಹಾಕೋ ಎಂದರೆ ಅದೂ ಮರೆತೇ ಹೋಗುತ್ತಿತ್ತು. ಅವನ ಅರ್ಧ ಚಿತ್ರಗಳಲ್ಲಿ ಗೋಡೆಯ ಮುಂದೆ ಬಿಳಿ ಪೊರೆ. ಬೇರೆ ಯಾವ ಮುಳುಗುಗಾರನೂ ಮಾಡದ ತಪ್ಪು ಅದು, ಎಷ್ಟು ಬೈದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೋದ ವರ್ಷ ಬೇಸಿಗೆ ಹುಟ್ಟುವ ಮುಂಚೆ ಅಣೆಕಟ್ಟಿನ ಒಳಗೋಡೆ ನೋಡಲು ಇಳಿದವನು ಮೇಲೆ ಬರಲಿಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರು ಹೊತ್ತು, ಸೊಂಟಪಟ್ಟಿಗೆ ಹಗ್ಗದ ಕೊಕ್ಕೆ ಸಿಕ್ಕಿಸಿಕೊಂಡು ಇಳಿಯುವುದು ಅವರ ಕಟ್ಟುನಿಟ್ಟು, ಮೇಲೆ ದೋಣಿಯವನು ಹಗ್ಗ ಹಿಡಿದು ಕೂತಿರುತ್ತಾನೆ. ಹಗ್ಗ ಸಡಿಲವಾಯಿತೆಂದು ದೋಣಿಯವನು ಎಳೆದರೆ ತುದಿಯಲ್ಲಿ ಬರೀ ಕೊಕ್ಕೆ ಬಂತು. ಹಗ್ಗ ಹರಿದಿರಲಿಲ್ಲ. ಕೊಕ್ಕೆಯೂ ಮುರಿದಿರಲಿಲ್ಲ. ಒತ್ತಿ ತಿರುಗಿಸದೆ ತೆರೆಯದ ಕೊಕ್ಕೆ ಅದು, ಯಾರೋ ಕೈಯಾರೆ ಬಿಚ್ಚಿದ ಹಾಗೆ ಬಾಯಿ ತೆರೆದುಕೊಂಡಿತ್ತು. ಯಾರೋ ಎಂದರೆ ಯಾರು, ಆ ಆಳದಲ್ಲಿ ಅವನೊಬ್ಬನೇ. ಎಷ್ಟು ಹುಡುಕಿದರೂ ದೇಹ ಸಿಗಲಿಲ್ಲ, ತಳದಲ್ಲಿ ಅಷ್ಟು ಹೂಳು.

ಅಲ್ಲಿಂದ ಶುರುವಾಯಿತು ನೋಡಿ, ಬೀದಿಯ ನಾಲಿಗೆ. ಅವನ ಹೆಂಡತಿ ಪ್ರೈಮರಿ ಸ್ಕೂಲಿನಲ್ಲಿ ಪಾಠ ಹೇಳುವವಳು, ಎಲ್ಲರ ಬಾಯಲ್ಲೂ ಟೀಚರಮ್ಮ. ಆವತ್ತು ಬೆಳಿಗ್ಗೆ ಗಂಡ ಹೆಂಡತಿಗೆ ಜಗಳವಾಗಿದ್ದು ಪಕ್ಕದ ಮನೆಗೆ ಕೇಳಿಸಿತ್ತು. ಪಕ್ಕದ ಮನೆಗೆ ಕೇಳಿಸಿದ ಮೇಲೆ ಕೇಳಬೇಕೆ. ಇವಳೇನೋ ಅಂದಿರಬೇಕು, ಅವನು ಮನಸ್ಸಿಗೆ ಹಚ್ಚಿಕೊಂಡು ಕೊಕ್ಕೆ ಬಿಚ್ಚಿಕೊಂಡ ಎಂದು ಮಾತು ಹರಡಿತು. ಎದುರಿಗೆ ಯಾರೂ ಹೇಳಲಿಲ್ಲ, ಅವಳು ಬಂದಾಗ ಮಾತು ನಿಲ್ಲಿಸುತ್ತಿದ್ದರು, ಅಷ್ಟೇ. ಟೀಚರಮ್ಮನಿಗೆ ಬೇಕಾಗಿದ್ದು ಒಂದೇ ಒಂದು ಉತ್ತರ. ಅವನು ಕೊಕ್ಕೆ ಬಿಚ್ಚಿದ್ದು ಯಾಕೆ? ಅದು ಗೊತ್ತಾಗದೆ ಅವಳಿಗೆ ಊಟ ಸೇರುತ್ತಿರಲಿಲ್ಲ, ಕಪ್ಪು ಹಲಗೆಯ ಮೇಲೆ ಅರ್ಧ ಬರೆದ ಅಕ್ಷರ ಅರ್ಧಕ್ಕೇ ನಿಂತುಬಿಡುತ್ತಿತ್ತು.

ಈ ವರ್ಷ ನೀರು ಇಳಿದಾಗ ದೋಣಿಯವನ ಬಲೆಗೆ ಆ ಪೆಟ್ಟಿಗೆ ಸಿಕ್ಕಿತು. ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ನೇರ ಅಕ್ಕನ ಅಂಗಡಿಗೇ ತಂದ. ಮೈತುಂಬ ಕೆಸರು, ಗುಂಡಿಗಳ ಸಂದಿಯಲ್ಲೆಲ್ಲ ಹೂಳು ಗಟ್ಟಿಯಾಗಿತ್ತು. ದೋಣಿಯವನು ಅದನ್ನು ಮೇಜಿನ ಮೇಲಿಟ್ಟು, ಅದರ ಕಡೆ ನೋಡದೆ, ಗೋಣಿಯನ್ನೂ ವಾಪಸ್ ತೆಗೆದುಕೊಳ್ಳದೆ ನಿಂತ. ದಾರಿಯುದ್ದಕ್ಕೂ ಯಾರೋ ಹಿಂದೆ ಕೂತಿದ್ದಾರೆ ಎನ್ನಿಸುತ್ತಿತ್ತು ಎಂದು ಒಂದು ಮಾತು ಹೇಳಿ ಕಾಲು ಕಿತ್ತ. ಅವನು ಹಾಗೆಲ್ಲ ಹೆದರುವ ಆಸಾಮಿಯಲ್ಲ.

ಅಕ್ಕ ಅಳಲಿಲ್ಲ. ಕೈ ತಾನಾಗಿ ಕೆಲಸಕ್ಕೆ ಇಳಿಯಿತು. ಕೆಸರು ಮೆತ್ತಿದ ಪೆಟ್ಟಿಗೆಯನ್ನು ಹಾಗೇ ತೆರೆದರೆ ಕಣವೆಲ್ಲ ಒಳಗೆ ಹೋಗುತ್ತದೆ, ಮೊದಲು ನೆನೆಹಾಕಬೇಕು. ತೊಟ್ಟಿಗೆ ಹೊಸ ನೀರು ಬಿಟ್ಟು ಅದರೊಳಗೆ ಇಳಿಸಿದಳು. ಅದು ಮೆಲ್ಲಗೆ ಹೋಗಿ ತಳದಲ್ಲಿ ಕೂತಿತು, ಗಾಜು ಮೇಲ್ಮುಖವಾಗಿ. ಮೃದುವಾದ ಬ್ರಷ್ಷಿನಲ್ಲಿ ಗಾಜಿನ ಕೆಸರು ಸರಿಸಿದಾಗ ಒಳಗೆ ಕ್ಯಾಮೆರಾದ ಕಣ್ಣು ಸ್ಪಷ್ಟವಾಗಿ ಕಂಡಿತು, ಒಂದು ಹನಿ ನೀರಿಲ್ಲ. ವರ್ಷವಿಡೀ ಆ ಆಳದಲ್ಲಿ ಬಿದ್ದಿದ್ದರೂ ಅವಳು ಕೂರಿಸಿದ ಉಂಗುರ ಬಿಟ್ಟುಕೊಟ್ಟಿರಲಿಲ್ಲ. ಅದನ್ನು ನೋಡಿ ಅವಳಿಗೆ ಮೊದಲು ಬಂದದ್ದು ಹೆಮ್ಮೆ. ಅದರ ಹಿಂದೆಯೇ ನಾಚಿಕೆಯೂ ಬಂತು.

ಆಮೇಲೆ ಗಾಜು ಮಂಜಾಯಿತು.

ಹೊರಗಿನಿಂದಲ್ಲ, ಒಳಗಿನಿಂದ. ಮೊದಲು ಗಾಜಿನ ನಡುವೆ ಒಂದು ಬಿಳಿ ಚುಕ್ಕೆ, ಅದು ಮೆಲ್ಲಗೆ ಅಗಲವಾಗಿ ಅಂಚಿನತನಕ ಹಬ್ಬಿತು, ಯಾರೋ ಒಳಗೆ ಮುಖ ಹತ್ತಿರ ತಂದು ಹಾ ಎಂದ ಹಾಗೆ. ಅಕ್ಕನ ಕೈಯಿಂದ ಬ್ರಷ್ಷು ಜಾರಿ ನೀರಿಗೆ ಬಿತ್ತು. ಅವಳಿಗೆ ಅದು ಏನೆಂದು ಆ ಕ್ಷಣವೇ ಗೊತ್ತಾಯಿತು, ಯಾರೂ ಹೇಳಬೇಕಾಗಿರಲಿಲ್ಲ. ಆವತ್ತು ಬೆಳಿಗ್ಗೆಯೂ ಅವನು ಬಗ್ಗಿ ಫೂ ಎಂದಿದ್ದ. ಆ ಉಸಿರು ಅಲ್ಲೇ ಇತ್ತು. ಮನುಷ್ಯ ಹೋದ, ದೇಹ ಸಿಗಲಿಲ್ಲ, ಅವನ ಬಟ್ಟೆಬರೆಯಲ್ಲಿದ್ದ ವಾಸನೆ ಕೂಡ ಆರಿಹೋಯಿತು. ಉಳಿದದ್ದು ಈ ಪೆಟ್ಟಿಗೆಯೊಳಗಿನ ಒಂದು ಬೊಗಸೆ ಗಾಳಿ.

ತೊಟ್ಟಿಯ ನೀರು ಬೆಚ್ಚಗಾದರೆ ಮಂಜು ಕರಗುತ್ತಿತ್ತು, ತಣ್ಣೀರು ಬಿಟ್ಟರೆ ಮತ್ತೆ ಕೂರುತ್ತಿತ್ತು. ಇದರಲ್ಲಿ ಮಾಯೆಯೇನೂ ಇಲ್ಲ, ಅಕ್ಕನೇ ನೂರಾರು ಜನಕ್ಕೆ ವಿವರಿಸಿದ ಸಂಗತಿ. ಆದರೆ ವಿವರಿಸುವುದು ಬೇರೆ, ಅಂಗಡಿಯಲ್ಲಿ ಒಬ್ಬಳೇ ಕೂತು ಅದನ್ನು ನೋಡುವುದು ಬೇರೆ. ಮಂಜು ಒಮ್ಮೆ ದಟ್ಟವಾಗಿ, ಒಮ್ಮೆ ತೆಳುವಾಗಿ, ಮತ್ತೆ ದಟ್ಟವಾಗುವುದನ್ನು ನೋಡುತ್ತ ನೋಡುತ್ತ ಅವಳ ಉಸಿರಾಟವೂ ಅದೇ ಲಯಕ್ಕೆ ಬಿದ್ದುಬಿಡುತ್ತಿತ್ತು. ಗೊತ್ತಾದ ಕೂಡಲೇ ಗಾಬರಿಯಾಗಿ ಎದ್ದು ಹೊರಗಿನ ಬೀದಿ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮತ್ತೆ ಹೋಗಿ ತಣ್ಣೀರು ಬಿಡುತ್ತಿದ್ದಳು.

ಸುದ್ದಿ ತಿಳಿದು ಟೀಚರಮ್ಮ ಓಡಿ ಬಂದಳು. ಸ್ಕೂಲಿನ ಚೀಲ ಹೆಗಲಲ್ಲೇ ಇತ್ತು, ಬೆರಳಲ್ಲಿ ಸೀಮೆಸುಣ್ಣದ ಪುಡಿ. ಅವಳಿಗೆ ಪೆಟ್ಟಿಗೆಯಲ್ಲಿ ಕಂಡದ್ದು ಉಸಿರಲ್ಲ, ಚಿತ್ರಗಳು. ಕೊನೆಯ ಚಿತ್ರಗಳಲ್ಲಿ ಏನಾದರೂ ಇದ್ದೀತು, ಕೊಕ್ಕೆಯ ಗುಟ್ಟು ಬಯಲಾದೀತು ಎಂಬ ಆಸೆ. ಯಾವಾಗ ತೆಗೆಯುತ್ತೀರಿ ಎಂದಳು. ಅಕ್ಕ ಹೂಳು ನೆನೆಯಬೇಕು ಎಂದಳು. ಮರುದಿನ ಬಂದರೆ ಮುಚ್ಚಳದ ಬೀಗ ಹಿಡಿದುಕೊಂಡಿದೆ, ಬಲವಂತ ಮಾಡಿದರೆ ಗಾಜು ಒಡೆದೀತು ಎಂದಳು. ಅದರ ಮರುದಿನ ಇನ್ನೇನೋ. ಬಾಯಿಬಿಟ್ಟರೆ ಸತ್ಯವನ್ನೇ ಆಡುವ ಹೆಂಗಸು, ಈಗ ಸಾಲುಸಾಲು ಸಬೂಬು. ಒಂದು ಸಲ ಆ ಮುಚ್ಚಳ ತೆರೆಯಿತೆಂದರೆ ತಮ್ಮನ ಉಸಿರು ಈ ಅಂಗಡಿಯ ಗ್ರೀಸು ವಾಸನೆಯಲ್ಲಿ ಬೆರೆತು ಮುಗಿದೇ ಹೋಗುತ್ತದೆ ಎಂಬುದನ್ನು ಅವಳು ಹೇಗೆ ಬಾಯಿಬಿಟ್ಟು ಹೇಳಬೇಕು!

ಟೀಚರಮ್ಮ ದಿನಾ ಸಂಜೆ ಬಂದು ತೊಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಕೂರತೊಡಗಿದಳು. ಅಕ್ಕ ಬೇರೆಯವರ ಪೆಟ್ಟಿಗೆಗಳನ್ನು ತಂದು ಪಕ್ಕದಲ್ಲೇ ಮುಳುಗಿಸಿ ಪರೀಕ್ಷೆ ಮಾಡುತ್ತಿದ್ದಳು. ಇಟ್ಟಿಗೆ ಯಾಕೆ ಎಂದು ಒಮ್ಮೆ ಟೀಚರಮ್ಮ ಕೇಳಿದಾಗ, ಇಲ್ಲದಿದ್ದರೆ ತೇಲಿಬಿಡುತ್ತವೆ ಎಂದಿದ್ದಳು. ಇಬ್ಬರ ನಡುವೆ ಅಷ್ಟೇ ಮಾತು. ಮಂಜಿನ ವಿಷಯ ಟೀಚರಮ್ಮನೂ ಗಮನಿಸಿದ್ದಳು, ಏನೆಂದು ಕೇಳಿರಲಿಲ್ಲ. ಒಂದು ಸಂಜೆ ಅವಳು ತನ್ನಷ್ಟಕ್ಕೆ, ಮನೆಯಲ್ಲಿ ಗಂಡನನ್ನು ಕರೆಯುವ ಹಾಗೆ, ರೀ ಎಂದು ಮೆಲ್ಲಗೆ ಕರೆದಳು. ಗಾಜಿನ ಒಳಗೆ ಬಿಳುಪು ಏರಿತು. ಮೋಡ ಬಂದು ಕಿಟಕಿಯ ಬಿಸಿಲು ಹೋಗಿದ್ದರಿಂದ ನೀರು ತಣ್ಣಗಾಯಿತು ಎಂದು ಅಕ್ಕ ತಕ್ಷಣ ಹೇಳಿದಳು. ಹೇಳಿದವಳೇ ತೊಟ್ಟಿಯಿಂದ ಒಂದು ಹೆಜ್ಜೆ ಹಿಂದೆ ಸರಿದಿದ್ದಳು. ಮೀನುಗಳ ಅಧ್ಯಯನ ಮಾಡುವ ಮೇಡಂ ಒಬ್ಬರು ತಮ್ಮ ಪೆಟ್ಟಿಗೆಗೆಂದು ಬಂದವರು ಇದನ್ನು ನೋಡಿ, ಆಮೇಲೆ ಬರ್ತೀನಿ ಎಂದು ಹೋದವರು ಆ ತಿಂಗಳು ಈ ಕಡೆ ತಲೆ ಹಾಕಲಿಲ್ಲ.

ಹೀಗೇ ಎಷ್ಟು ದಿನ ಎಳೆಯುತ್ತಿದ್ದಳೋ. ಒಂದು ಶನಿವಾರ ಸ್ಕೂಲು ಮಧ್ಯಾಹ್ನಕ್ಕೇ ಬಿಟ್ಟಿತ್ತು. ಟೀಚರಮ್ಮ ಸ್ಟೂಲಿನ ಮೇಲಿದ್ದಳು, ಅಕ್ಕ ಮೇಜಿನ ಹತ್ತಿರ ಉಂಗುರ ಒರೆಸುತ್ತಿದ್ದಳು. ತೊಟ್ಟಿಯ ತಳದಿಂದ ಟಕ್ ಎಂದು ಸದ್ದಾಯಿತು. ನೀರೊಳಗಿನ ಸದ್ದು ಕಿವಿಗಿಂತ ಮೊದಲು ಮೂಳೆಗೆ ಕೇಳುತ್ತದೆ. ಇಬ್ಬರೂ ಒಟ್ಟಿಗೆ ಬಗ್ಗಿ ನೋಡಿದರು. ಯಾರೂ ಮುಟ್ಟದ ಪೆಟ್ಟಿಗೆಯ ಮೇಲೆ, ಬಲಮೂಲೆಯಲ್ಲಿ, ಚಿತ್ರ ತೆಗೆಯಲು ಒತ್ತುವ ಗುಂಡಿ ತಾನಾಗಿ ಮೇಲೆದ್ದಿತ್ತು.

ಟೀಚರಮ್ಮ ಸ್ಟೂಲಿನಿಂದ ಎದ್ದು ಗೋಡೆಗೆ ಬೆನ್ನು ಹಚ್ಚಿ ನಿಂತಳು. ಅಕ್ಕನಿಗೆ ಮಾತ್ರ ಇದರ ಅರ್ಥ ಮಿಂಚಿನಂತೆ ಹೊಳೆಯಿತು. ಈ ಪೆಟ್ಟಿಗೆಗಳು ತಡೆಯುವ ಆಳಕ್ಕೆ ಒಂದು ಮಿತಿ ಇರುತ್ತದೆ. ಅವನು ಇಳಿಯುತ್ತಿದ್ದದ್ದು ಆ ಮಿತಿಯ ಅಂಚಿಗೇ. ಅದಕ್ಕಿಂತ ಕೆಳಗೆ ಹೋದರೆ ಉಂಗುರ ಇನ್ನೂ ಬಿಗಿಯಾಗಿ ಕೂರುತ್ತದೆ, ಆದರೆ ಗುಂಡಿಯ ಸ್ಪ್ರಿಂಗು ಸೋಲುತ್ತದೆ, ನೀರಿನ ಭಾರವೇ ಗುಂಡಿಯನ್ನು ಒತ್ತಿ ಹಿಡಿಯುತ್ತದೆ. ಒತ್ತಿದ ಗುಂಡಿ ಹೂಳಿನಲ್ಲಿ ಹಾಗೇ ಕಚ್ಚಿಕೊಂಡಿತ್ತು. ಹೂಳು ನೆನೆದು ಬಿಟ್ಟುಕೊಟ್ಟಿತು, ಈಗ ಮೇಲೆದ್ದಿತು. ಅಂದರೆ ಅವನ ಕೈ ಬಿಟ್ಟು ಹೋದ ಮೇಲೂ ಕ್ಯಾಮೆರಾ ಚಿತ್ರ ತೆಗೆಯುತ್ತಲೇ ಇತ್ತು. ಗೋಡೆಯ ಉದ್ದಕ್ಕೂ ಸಾಗುವಾಗ ಅನುಕೂಲವೆಂದು, ಗುಂಡಿ ಒತ್ತಿರುವಷ್ಟು ಹೊತ್ತು ಒಂದರ ಹಿಂದೆ ಒಂದು ಚಿತ್ರ ಬರುವಂತೆ ಅವನೇ ಅದನ್ನು ಹೊಂದಿಸಿಟ್ಟಿದ್ದ.

ಸುಳ್ಳು ಹೇಳುವ ಶಕ್ತಿ ಅಕ್ಕನಿಗೆ ಉಳಿದಿರಲಿಲ್ಲ. ಇದನ್ನೆಲ್ಲ ಟೀಚರಮ್ಮನಿಗೆ ಹೇಳಿದಳು. ಅವಳು ಕೇಳಿಸಿಕೊಂಡು, ಹಾಗಾದರೆ ಒಳಗೆ ಉತ್ತರ ಇದೆ, ಇಷ್ಟು ದಿನ ಯಾಕೆ ತೆರೆಯಲಿಲ್ಲ ಎಂದಳು. ಅಕ್ಕ ಗಾಜಿನ ಮೇಲಿನ ಬಿಳುಪಿನತ್ತ ಬೆರಳು ತೋರಿಸಿದಳು.

“ಅದು ಅವನ ಉಸಿರು ಕಣೇ. ಮುಚ್ಚುವಾಗ ಊದೋ ಚಾಳಿ ಇತ್ತಲ್ಲ. ತೆಗೆದ್ರೆ ಹೋಗಿಬಿಡುತ್ತೆ.”

ಟೀಚರಮ್ಮ ತೊಟ್ಟಿಯ ಮೇಲೆ ಬಗ್ಗಿದಳು. ಅವಳ ಮುಖದಲ್ಲಿ ಆಸೆ, ಭಯ, ಸಿಟ್ಟು ಮೂರೂ ಬಂದು ಹೋದವು. ಕೈ ನೀರಿಗಿಳಿಸಿ ಗಾಜಿನ ಮೇಲೆ ಅಂಗೈ ಇಟ್ಟಳು. ಅಂಗೈಯ ಬಿಸಿಗೆ ಅಷ್ಟಗಲ ಮಂಜು ಸರಿದು, ಕೈ ತೆಗೆದ ಕೂಡಲೇ ಆ ಜಾಗವನ್ನು ಮತ್ತೆ ತುಂಬಿಕೊಂಡಿತು. ಅವಳು ಬಿಕ್ಕಿದಳು.

“ಆವತ್ತು ಬೆಳಿಗ್ಗೆ ನಾನೊಂದು ಮಾತಂದೆ ಅತ್ತಿಗೆ. ಯಾರಿಗೂ ಹೇಳಿಲ್ಲ. ನಿಮಗೆ ನೀರೇ ಮನೆ ಅಲ್ವಾ, ಅಲ್ಲೇ ಇದ್ದುಬಿಡಿ, ಬರ್ಬೇಡಿ ಅಂದೆ. ನಗ್ತಾ ಹೋದ್ರು. ನಗ್ತಾ ಹೋದವರು ಕೊಕ್ಕೆ ಯಾಕೆ ಬಿಚ್ಚಿದ್ರು? ಉಸಿರು ಇಟ್ಕೊಂಡು ನಾನೇನು ಮಾಡ್ಲಿ, ನನಗೆ ಅದು ಗೊತ್ತಾಗ್ಬೇಕು.”

ಅಕ್ಕ ತಲೆಗೆ ಬಟ್ಟೆ ಬಿಗಿದಳು. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಮಗುವನ್ನು ಸ್ನಾನ ಮಾಡಿಸಿ ಒರೆಸುವ ಹಾಗೆ ಸಂದಿಗೊಂದಿಯನ್ನೆಲ್ಲ ಒರೆಸಿದಳು. ಹೊರಗಿನ ಬೆಚ್ಚನೆ ಗಾಳಿಗೆ ಮಂಜು ಕರಗಿತು, ಒಳಗಿನ ಕಣ್ಣು ಇಬ್ಬರನ್ನೂ ನೋಡಿತು. ನೀರಿಗಿಳಿಯುವ ಮುಂಚೆ ಸಣ್ಣ ಪಂಪಿನಿಂದ ಪೆಟ್ಟಿಗೆಯ ಗಾಳಿಯನ್ನು ಅಷ್ಟಿಷ್ಟು ಹೊರಗೆ ಎಳೆದು ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡುವುದು ರೂಢಿ, ತೆರೆಯುವಾಗ ಮೊದಲು ಅದಕ್ಕೆಂದೇ ಇರುವ ತಿರುಪು ಸಡಿಲಿಸಬೇಕು. ಅಕ್ಕನ ಬೆರಳು ತಿರುಪಿನ ಮೇಲೆ ಹೋಗಿ ನಿಂತಿತು. ತಿರುಗಿಸಿದಳು.

ಅವಳು ಹೆದರಿದ್ದು ಉಸಿರು ಹೊರಗೆ ಬರುತ್ತದೆಂದು. ಆದದ್ದು ತಿರುಗುಮುರುಗು. ಸ್ಸ್ ಎಂದು ಉದ್ದಕ್ಕೆ, ಆಳವಾಗಿ, ಪೆಟ್ಟಿಗೆ ಉಸಿರೆಳೆದುಕೊಂಡಿತು. ಅಂಗಡಿಯ ಗಾಳಿ, ಅವರಿಬ್ಬರ ಮುಖದ ಹತ್ತಿರದ ಗಾಳಿ, ಒಳಕ್ಕೆ ಹೋಯಿತು. ಗಾಳಿ ಕಡಿಮೆಯಿದ್ದ ಕಡೆಗೆ ಗಾಳಿ ನುಗ್ಗುವುದು ಸಹಜ, ಅಕ್ಕ ಇದನ್ನು ದಿನಕ್ಕೆ ಹತ್ತು ಸಲ ಕೇಳಿದವಳು. ಆದರೂ ನೀರಿನಿಂದ ಮೇಲೆ ಬಂದವನು ಮೊದಲ ಉಸಿರು ಎಳೆದುಕೊಳ್ಳುವ ಸದ್ದು ಅದು, ತಮ್ಮ ದೋಣಿಯ ಅಂಚು ಹಿಡಿದು ಹಾಗೆಯೇ ಎಳೆಯುತ್ತಿದ್ದ. ಅಕ್ಕ ಮೇಜಿನ ಅಂಚನ್ನು ಹಿಡಿದುಕೊಂಡಳು. ಸದ್ದು ನಿಂತಿತು. ಮುಚ್ಚಳ ತಾನಾಗಿ ಸಡಿಲವಾಗಿ ಅವಳ ಕೈಗೆ ಬಂತು.

ಒಳಗೆ ವಾಸನೆಯಿರಲಿಲ್ಲ, ಏನೂ ಇರಲಿಲ್ಲ. ಒಣಗಿದ ಕ್ಯಾಮೆರಾ, ಸತ್ತ ಬ್ಯಾಟರಿ, ಮೆಮೊರಿ ಕಾರ್ಡು. ಅಕ್ಕ ಕಾರ್ಡನ್ನು ಮೇಜ ಮೇಲಿನ ಹಳೆಯ ಕಂಪ್ಯೂಟರಿಗೆ ಹಾಕಿದಳು. ಮೊದಲು ಬಂದದ್ದೆಲ್ಲ ಗೋಡೆ, ಬರೀ ಗೋಡೆ, ಪಾಚಿ, ಬಿರುಕು, ಅಳತೆಗೆಂದು ಪಕ್ಕದಲ್ಲಿ ಹಿಡಿದ ಪಟ್ಟಿ. ಕೆಲಸ ಬಿಟ್ಟು ಸಾಯಲು ಹೋಗುವವನು ಇಷ್ಟು ಅಚ್ಚುಕಟ್ಟಾಗಿ ಪಟ್ಟಿ ಹಿಡಿಯುತ್ತಾನೆಯೇ ಎಂದು ಇಬ್ಬರಿಗೂ ಅನ್ನಿಸಿತು. ಆಮೇಲೆ ಒಂದು ಚಿತ್ರದಲ್ಲಿ ಗೋಡೆ ಓರೆಯಾಯಿತು. ಪೆಟ್ಟಿಗೆ ಕೈಜಾರಿತ್ತು. ಮುಂದಿನವುಗಳಲ್ಲಿ ಅದು ಅಂಗಾತ ಬೀಳುತ್ತ ಮೇಲ್ಮುಖವಾಗಿ ನೋಡುತ್ತಿತ್ತು, ಪೆಟ್ಟಿಗೆಗೆ ಕಟ್ಟಿದ ದೀಪ ಇನ್ನೂ ಉರಿಯುತ್ತಿತ್ತು.

ಹಸಿರು ಕತ್ತಲಿನಲ್ಲಿ ಅವನು ಕಂಡ. ತಲೆಕೆಳಗಾಗಿ ಪೆಟ್ಟಿಗೆಯ ಬೆನ್ನು ಹತ್ತಿದ್ದ. ಒಂದು ಚಿತ್ರದಲ್ಲಿ ಹಗ್ಗ ಬಿಗಿಯಾಗಿ ಅವನನ್ನು ಸೊಂಟದ ಹತ್ತಿರ ಹಿಡಿದು ನಿಲ್ಲಿಸಿತ್ತು, ಅದಕ್ಕಿಂತ ಕೆಳಗೆ ಹಗ್ಗ ಬರುವಂತಿರಲಿಲ್ಲ. ಮುಂದಿನದರಲ್ಲಿ ಅವನ ಎರಡೂ ಕೈ ಸೊಂಟದ ಮೇಲೆ. ಅದರ ಮುಂದಿನದರಲ್ಲಿ ಹಗ್ಗ ಅವನ ಹಿಂದೆ ಒಂಟಿಯಾಗಿ ತೂಗುತ್ತಿತ್ತು, ಅವನು ಇನ್ನಷ್ಟು ಹತ್ತಿರ ಬಂದಿದ್ದ. ಟೀಚರಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಉತ್ತರ ಸಿಕ್ಕಿತ್ತು. ಅವನು ಕೊಕ್ಕೆ ಬಿಚ್ಚಿದ್ದು ಪೆಟ್ಟಿಗೆಗಾಗಿ, ಹಿಡಿದುಕೊಂಡು ಮೇಲೆ ಬರುವುದಕ್ಕಾಗಿ.

ಚಿತ್ರಗಳು ಮುಗಿದಿರಲಿಲ್ಲ. ಒಂದೊಂದರಲ್ಲೂ ಅವನ ಚಾಚಿದ ಕೈ ದೊಡ್ಡದಾಗುತ್ತ ಬಂತು. ಒಂದರಲ್ಲಿ ಬೆರಳುಗಳು ಗಾಜನ್ನೇ ಮುಟ್ಟಿದ್ದವು, ರೇಖೆಗಳು ಕಾಣುವಷ್ಟು ಹತ್ತಿರ. ಅದರ ಮುಂದಿನದರಲ್ಲಿ ಬೆರಳಿಲ್ಲ, ಬರೀ ಗುಳ್ಳೆಗಳು. ಆ ಆಳಕ್ಕೆ ಹೋದವರಿಗೆ ಬುದ್ಧಿಗೆ ಮಂಕು ಕವಿಯುತ್ತದಂತೆ, ಮೇಲು ಯಾವುದು ಕೆಳಗು ಯಾವುದು ತಿಳಿಯುವುದಿಲ್ಲವಂತೆ. ಮತ್ತೆ ಕೆಲವು ಗುಳ್ಳೆ. ಆಮೇಲೆ ಗುಳ್ಳೆಯೂ ಇಲ್ಲ. ತಳ ಸೇರಿ ಕೂತ ಪೆಟ್ಟಿಗೆ ಕತ್ತಲೆಯನ್ನು ನೋಡುತ್ತ ಚಿತ್ರ ತೆಗೆಯುತ್ತ ಹೋಗಿತ್ತು. ತಳದ ತಣ್ಣೀರಿಗೆ ಗಾಜಿನ ನಡುವೆ ಬಿಳಿ ಚುಕ್ಕೆ ಹುಟ್ಟಿ, ಹಬ್ಬಿ, ಕೊನೆಯ ಚಿತ್ರದ ಹೊತ್ತಿಗೆ ಅಂಚಿನಿಂದ ಅಂಚಿಗೆ ಬರೀ ಬಿಳುಪು. ಕ್ಯಾಮೆರಾ ಸಾಯುವ ಮುಂಚೆ ಕೊನೆಗೆ ನೋಡಿದ್ದು ಅವನ ಉಸಿರನ್ನು.

ಟೀಚರಮ್ಮ ಅಲ್ಲೇ ಕುಸಿದು ಕೂತು ಅತ್ತಳು. ವರ್ಷದಿಂದ ಎದೆಯ ಮೇಲಿದ್ದ ಬಂಡೆ ಇಳಿದ ಅಳು ಅದು, ದುಃಖದ ಜೊತೆ ನಿರಾಳವೂ ಇತ್ತು. ನನ್ನ ಮಾತಿಗಲ್ಲ, ನನ್ನ ಮಾತಿಗಲ್ಲ ಎಂದು ತನಗೇ ಹೇಳಿಕೊಂಡಳು. ಅಕ್ಕ ಅವಳ ತಲೆ ಸವರುತ್ತಿದ್ದಳು, ಆದರೆ ಕಣ್ಣು ಪೆಟ್ಟಿಗೆಯ ಮೇಲಿತ್ತು. ಅಳು ನಿಂತ ಮೇಲೆ ಟೀಚರಮ್ಮ ಮುಖ ಒರೆಸಿಕೊಂಡು ತೊಟ್ಟಿಯ ಕಡೆ ನೋಡಿದಳು. ಅಲ್ಲಿ ಬೇರೆಯವರ ಪೆಟ್ಟಿಗೆ ಇಟ್ಟಿಗೆಯ ಕೆಳಗೆ ಮುಳುಗಿತ್ತು.

“ಅತ್ತಿಗೆ, ಇವು ತೇಲ್ತವೆ ಅಂತ ನೀವೇ ಹೇಳಿದ್ರಲ್ಲ. ಕೈಜಾರಿದ್ರೆ ಮೇಲೆ ಬರ್ಬೇಕಿತ್ತು. ಇದ್ಯಾಕೆ ಮುಳುಗ್ತು?”

ಈ ಪ್ರಶ್ನೆ ಬರುತ್ತದೆಂದು ಅಕ್ಕನಿಗೆ, ಪೆಟ್ಟಿಗೆ ತೊಟ್ಟಿಯ ತಳಕ್ಕೆ ಹೋಗಿ ಕೂತ ದಿನವೇ ಗೊತ್ತಿತ್ತು. ಅವಳು ಅದನ್ನು ಮಗುಚಿ ಹಾಕಿದಳು. ಅಡಿಯಲ್ಲಿ ತಿರುಪು ಹಾಕಿ ಕೂರಿಸಿದ ಚಪ್ಪಟೆ ಸೀಸದ ತುಂಡು. ಅಂಚುಗಳನ್ನು ಕೈಗೆ ತಾಗದಂತೆ ನುಣ್ಣಗೆ ಅರದಿಂದ ಉಜ್ಜಲಾಗಿತ್ತು.

“ನಾನೇ ಹಾಕ್ದೆ. ಪೆಟ್ಟಿಗೆ ಯಾವಾಗಲೂ ಮೇಲಕ್ಕೆ ಎಳೀತಿರುತ್ತೆ, ಅದನ್ನ ಹಿಡಿದು ಹಿಡಿದು ಮಣಿಕಟ್ಟು ಊದ್ಕೊಂಡಿದೆ ಅಂದ. ಸ್ವಲ್ಪ ಭಾರ ಮಾಡ್ಕೊಡು ಅಂದ. ನೋವಾಗ್ದೇ ಇರ್ಲಿ ಅಂತ ಒಂಚೂರು ಜಾಸ್ತೀನೇ ಹಾಕ್ದೆ.”

ಅಕ್ಕ ತಲೆ ತಗ್ಗಿಸಿ ನಿಂತಿದ್ದಳು. ಬೈಗುಳ ಬಂದರೂ ಸರಿ, ಶಾಪ ಬಂದರೂ ಸರಿ, ತನಗೆ ಬರಬೇಕಾದದ್ದೇ ಎಂದು ಕಾದಳು. ಟೀಚರಮ್ಮ ಅವಳ ಮುಖವನ್ನು ನೋಡಿದಳು, ಸೀಸದ ತುಂಡನ್ನು ನೋಡಿದಳು, ಬೆರಳಿನಿಂದ ಆ ನುಣುಪಾದ ಅಂಚನ್ನು ಮುಟ್ಟಿದಳು. ಮಾತಾಡಿದಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಏನೋ ಕಳೆದುಕೊಂಡವಳ ಪೆಚ್ಚು ಇತ್ತು.

“ಕೈ ನೋವಿದೆ ಅಂತ ನನಗೆ ಒಂದಿನಾನೂ ಹೇಳ್ಲಿಲ್ಲ ಅತ್ತಿಗೆ. ಯಾವ ಕೈ?”

“ಬಲಗೈ” ಎಂದಳು ಅಕ್ಕ.

ಟೀಚರಮ್ಮ ಬಿಳುಪನ್ನು ದಾಟಿ, ಕತ್ತಲೆಯನ್ನು ದಾಟಿ, ಚಿತ್ರಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿದಳು. ಗಾಜಿನತ್ತ ಚಾಚಿದ ಕೈ ತೆರೆಯ ತುಂಬ ಬಂದಾಗ ನಿಲ್ಲಿಸಿ, ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂತಳು. ಬಲಗೈಯೇ. ಮಣಿಕಟ್ಟು ಊದಿಕೊಂಡಿದ್ದು ಈಗ ಅವಳಿಗೂ ಕಾಣುತ್ತಿತ್ತು.